ಭಾವ ಬಾಯಿ ಮುಚ್ಚಿ ಎಸೆದದ್ದು

ನಮ್ಮ ಭಾವ ಬಸ್ ಕಂಡಕ್ಟರ್. ಇಪ್ಪತ್ತೆರಡು ವರ್ಷ ಮುಂದಿನ ಸ್ಟಾಪನ್ನು ಮುಂಚೆಯೇ ಕೂಗಿ ಹೇಳಿದ ಬಾಯಿ ರಜೆಯ ದಿನವೂ ಸುಮ್ಮನಿರುವುದಿಲ್ಲ. ಊಟಕ್ಕೆ ಕೂತರೆ "ಈಗ ನೀರು ಕುಡೀತೀನಿ" ಎಂದು ಹೇಳಿಯೇ ಲೋಟ ಎತ್ತುವುದು. ಅಕ್ಕ ಹೇಗೆ ಸಹಿಸಿಕೊಂಡಿದ್ದಾಳೋ, ನನಗಂತೂ ತಲೆ ಚಿಟ್ಟು ಹಿಡಿಯುತ್ತದೆ.

ಇಂಥವರು ಹನ್ನೆರಡು ವರ್ಷದ ಮಗಳ ಸಾಫ್ಟ್‌ಬಾಲ್ ತಂಡಕ್ಕೆ ಕೋಚ್ ಆದರು. ಅಲ್ಲಿಯವರೆಗೆ ಹುಡುಗಿಯರು ಗೂಟದ ಮೇಲೆ ಚೆಂಡಿಟ್ಟು ಬ್ಯಾಟ್ ಬೀಸುತ್ತಿದ್ದರು.

"ಮ್ಯಾಚಲ್ಲಿ ಯಾರು ಹಂಗೆ ಇಟ್ಟು ಕೊಡ್ತಾರೆ? ಇನ್ಮೇಲೆ ನಾನೇ ಎಸೀತೀನಿ," ಎಂದರು ಭಾವ.

ಮಾತೇನೋ ಸರಿ. ಆದರೆ ಎಸೆಯುವಾಗಲೂ ಅದೇ ಬಾಯಿ. "ಈಗ ನಿಧಾನದ್ದು, ಮಂಡಿ ಹತ್ರ. ಮುಂದಿನದು ಜೋರು, ಹುಷಾರು." ಹುಡುಗಿಯರು ಒಂದನ್ನೂ ಬಿಡದೆ ಚಚ್ಚಿದರು. ಬ್ಯಾಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯಬೇಕಾದ ನನಗೆ ಕೆಲಸವೇ ಇರಲಿಲ್ಲ. ಭಾವ ಬೀಗಿದ್ದೇ ಬೀಗಿದ್ದು.

ಮೊದಲ ಪಂದ್ಯದಲ್ಲಿ ಎದುರು ತಂಡದ ಹುಡುಗಿ ತುಟಿ ಪಿಟಕ್ಕೆನ್ನದೆ ಎಸೆದಳು. ನಮ್ಮವರು ಬ್ಯಾಟ್ ಹೆಗಲಿಗಿಟ್ಟುಕೊಂಡು, ಏನು ಬರುತ್ತದೆಂದು ಅವಳು ಹೇಳಲಿ ಅಂತ ಕಾಯುತ್ತಾ ನಿಂತರು. ಒಬ್ಬಳಂತೂ "ಹೇಳು ಮತ್ತೆ" ಎಂದು ಕೇಳಿಯೇಬಿಟ್ಟಳು. ಮೂರು ಚೆಂಡು ಬಿಟ್ಟರೆ ಔಟ್ ಅನ್ನೋ ಆಟ; ಎಲ್ಲರೂ ಔಟ್.

ಮನೆಗೆ ಬಂದ ಮಗಳು ಬ್ಯಾಟನ್ನು ಮಂಚದ ಕೆಳಗೆ ತಳ್ಳಿದಳು. "ಮುಂದಿನ ಮ್ಯಾಚಲ್ಲೂ ಒಂದೂ ತಾಗ್ಲಿಲ್ಲ ಅಂದ್ರೆ ನಾನು ಆಟಾನೇ ಬಿಡ್ತೀನಪ್ಪ." ಭಾವನ ಮುಖ ನೋಡಿ ನನಗೇ ಅಯ್ಯೋ ಅನಿಸಿತು.

ಮರುದಿನ ಭಾವ ಬಾಯಿಗೆ ಕರವಸ್ತ್ರ ಬಿಗಿದುಕೊಂಡು ಬಂದರು. ಬಾಯಿ ಕಟ್ಟಿದರೆ ಹುಬ್ಬು ಕುಣಿಸಿ ಸುಳಿವು ಕೊಡತೊಡಗಿದರು. "ಭಾವ, ಹುಬ್ಬಿಗೂ ಒಂದು ಬಟ್ಟೆ ತರ್ಲಾ?" ಎಂದು ನಾನು ಗದರಿಸಿದ ಮೇಲೆ ಅದೂ ನಿಂತಿತು. ಮಗಳು ಸಾಲಾಗಿ ಹನ್ನೊಂದು ಚೆಂಡು ಬಿಟ್ಟಳು.

"ನೀನು ಹೇಳ್ದೆ ಇದ್ರೆ ಭಯ ಆಗತ್ತಪ್ಪ."

ಭಾವ ಕರವಸ್ತ್ರ ಇಳಿಸಿದರು. "ನಂಗೂ ಭಯಾನೇ ಕಣಮ್ಮ. ನನ್ನ ಕೈ ನೋಡು, ಸಾಕು." ಮತ್ತೆ ಕಟ್ಟಿಕೊಂಡು ಎಸೆದರು. ಅವಳು ಹೊಡೆದ ಚೆಂಡು ನೇರ ಅವರ ಹೊಟ್ಟೆಗೇ ಬಡಿಯಿತು. ಧೂಳಲ್ಲಿ ಬಿದ್ದುಕೊಂಡೇ ನಗುತ್ತಿದ್ದರು ಮಹಾರಾಯರು.

ಎರಡನೇ ಪಂದ್ಯದಲ್ಲಿ ಮಗಳು ಮೊದಲ ಎರಡು ಚೆಂಡು ಬಿಟ್ಟಳು. ಮೂರನೆಯದು ಬ್ಯಾಟಿಗೆ ತಾಗಿ ನಾಲ್ಕು ಮಾರು ಉರುಳಿತು. ಎದ್ದೆನೋ ಬಿದ್ದೆನೋ ಎಂದು ಓಡಿದಳು. ಮೊದಲ ಬೇಸ್ ಮುಟ್ಟುವುದರೊಳಗೆ ಚೆಂಡೇ ಅಲ್ಲಿಗೆ ಬಂದು ಔಟ್. ತಂಡವೂ ಸೋತಿತು.

ಅವಳು ಬಂದು ಬೆಂಚಿನ ಮೇಲೆ ಭಾವನ ಪಕ್ಕ ಕೂತಳು. ಆಟ ಬಿಡುತ್ತೀಯಾ ಎಂದು ಕೇಳುವ ಧೈರ್ಯ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

"ಅಪ್ಪ," ಎಂದಳು, "ನಾಳೆಯಿಂದ ಇನ್ನೂ ಜೋರಾಗಿ ಎಸಿ."