ಅಜ್ಜಿಯ ಗುಂಡಿಯ ಕಪ್ಪು ಕೆಸರು

ನಾನು ಏನು ಓದುತ್ತಿದ್ದೇನೆಂದು ಊರಿನವರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೇ ಅದರ ಮೇಲಿನ ನಂಬಿಕೆ ಹೋಗುತ್ತಿತ್ತು. ಅರವತ್ತರ ದಶಕದ ಕೊನೆಯ ವರ್ಷಗಳು. ಆಗ ನಮ್ಮ ಕಡೆಯ ಹುಡುಗರು ಬೊಂಬಾಯಿಗೆ ಹೋದರೆಂದರೆ ಹೋಟೆಲಿಗೆ ಹೋದರೆಂದೇ ಅರ್ಥ. ನಾನು ಹೋದದ್ದು ಸೂಕ್ಷ್ಮಜೀವಿಗಳ ಸಂಶೋಧನೆಗೆ. ರಜೆ ಸಿಕ್ಕಿದಾಗ ಗಂಗೊಳ್ಳಿಯ ಮನೆಗೆ ಬಂದು, ಹೊಳೆಬದಿಯ ಕೆಸರನ್ನು ಬಾಟಲಿಗೆ ತುಂಬಿಸುತ್ತ ಕೂರುತ್ತಿದ್ದೆ. ಅಪ್ಪಯ್ಯ ಒಮ್ಮೆ ದಂಡೆಯ ಮೇಲೆ ನಿಂತು ನೋಡಿ, "ಕೆಸ್ರ್ ಮೆಟ್ಟುಕೆ ಇಷ್ಟ್ ಓದುಕಿತ್ತಾ? ನಮ್ಮನಿ ಕೋಣ ಒಂದ್ನೇ ಕ್ಲಾಸಿಗೂ ಹೋಯ್ಲಿಲ್ಲೆ" ಎಂದಿದ್ದರು.

ನನ್ನ ವಿಷಯ ತೆಂಗಿನಕಾಯಿ ಸಿಪ್ಪೆ. ಹೊಳೆಬದಿಯ ಗುಂಡಿಯಲ್ಲಿ ಸಿಪ್ಪೆಯನ್ನು ತಿಂಗಳುಗಟ್ಟಲೆ ಕೊಳೆಹಾಕಿ, ಆಮೇಲೆ ಬಡಿದು, ನಾರು ಬಿಡಿಸಿ ಹಗ್ಗ ಹೊಸೆಯುತ್ತಾರಲ್ಲ, ಆ ಕೊಳೆಸುವ ಕೆಲಸ ಮಾಡುವವರು ಯಾರೆಂದು ನಾನು ಪತ್ತೆಹಚ್ಚಬೇಕಿತ್ತು. ಆ ಕಾಲದ ಪದ್ಧತಿಯಂತೆ ಒಂದೊಂದೇ ಜೀವಿಯನ್ನು ಬೇರೆ ಮಾಡಿ, ತೊಳೆದು ಕುದಿಸಿದ ಗಾಜಿನಲ್ಲಿ ಸಾಕಿದೆ. ಸಾಕಿದ್ದೇ ಬಂತು. ಒಂದೂ ಸಿಪ್ಪೆಯ ತಂಟೆಗೆ ಹೋಗಲಿಲ್ಲ. ಎರಡು ವರ್ಷದ ಮೇಲೂ ನನ್ನ ಬಾಟಲಿಯ ಸಿಪ್ಪೆ ಮರದಿಂದ ಇಳಿದ ದಿನದಷ್ಟೇ ಗಟ್ಟಿ. ನನ್ನ ಗೈಡ್ ಮೆತ್ತಗಿನ ಮನುಷ್ಯ. ದೀಪಾವಳಿಯೊಳಗೆ ಒಂದು ಸಿಪ್ಪೆಯಾದರೂ ಕೊಳೆಯದಿದ್ದರೆ ಬೇರೆ ಕೆಲಸ ನೋಡಿಕೋ ಎಂದು ಮೆತ್ತಗೇ ಹೇಳಿದರು. ಬೇರೆ ಕೆಲಸವೆಂದರೆ ಮಾವನ ಹೋಟೆಲು.

ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಬ್ಬ ಅಜ್ಜಿಯ ಗುಂಡಿ ಇತ್ತು. ನಮಗೆ ಸಂಬಂಧದವಳಲ್ಲ, ಊರಿಗೆಲ್ಲ ಅಜ್ಜಿ. ಅವಳ ಸಿಪ್ಪೆ ಉಳಿದವರದಕ್ಕಿಂತ ಬೇಗ ಹದಕ್ಕೆ ಬರುತ್ತಿತ್ತು. ಅದಕ್ಕೆ ಊರು ಕೊಡುತ್ತಿದ್ದ ಕಾರಣ ಒಂದೇ: ಅಜ್ಜಿಯ ಕೈಗುಣ. ದನ ಕರು ಹಾಕುವಾಗ, ಉಪ್ಪಿನಕಾಯಿಗೆ ಉಪ್ಪು ಬೆರೆಸುವಾಗ, ಬಸಳೆ ಬಳ್ಳಿ ನೆಡುವಾಗ ಅವಳನ್ನೇ ಕರೆಯುತ್ತಿದ್ದರು. ಅಜ್ಜಿ ಆ ಕೈಯನ್ನು ತಾಸೀಲ್ದಾರರ ಮೊಹರಿನ ಹಾಗೆ ಜೋಪಾನ ಮಾಡಿಕೊಂಡಿದ್ದಳು.

ಕೈಗುಣ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಆ ಬೇಸಿಗೆ ಅವಳು ಗುಂಡಿ ತೆರೆಯುವಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ನೋಡಿದೆ. ಸಿಪ್ಪೆಯನ್ನೆಲ್ಲ ಎತ್ತಿದ ಮೇಲೆ ಗುಂಡಿಯ ತಳದ ಕಪ್ಪು ಕೆಸರನ್ನು ಅವಳು ಚೆಲ್ಲಲಿಲ್ಲ. ಒಂದು ಒಡಕು ಮಡಕೆಗೆ ತುಂಬಿಸಿಟ್ಟಳು. ಯಾಕೆಂದು ಕೇಳಿದರೆ, ನಾಳೆ ಹೊಸ ಸಿಪ್ಪೆಯ ಅಡಿಗೆ ಸುರಿಯಲಿಕ್ಕೆ, ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ. ಅಯ್ಯೋ ದೇವರೇ, ಹಾಲಿಗೆ ಹೆಪ್ಪು ಹಾಕಿದ ಹಾಗೆ! ನಾನು ಬೊಂಬಾಯಿಯಲ್ಲಿ ಒಬ್ಬೊಬ್ಬರನ್ನೇ ಎಳೆತಂದು ವಿಚಾರಣೆ ಮಾಡುತ್ತಿದ್ದೆ. ಇಲ್ಲಿ ಕೆಸರಿನ ಜೀವಿಗಳ ಇಡೀ ಕೇರಿಯೇ ಸೇರಿ ಕೆಲಸ ಮುಗಿಸುತ್ತಿತ್ತು.

"ಅಜ್ಜಿ, ಆ ಕೆಸ್ರ್ ನಂಗೊಂಚೂರ್ ಕೊಡ್" ಎಂದೆ.

"ಇವತ್ತ್ ಶುಕ್ರವಾರ ಅಲ್ದಾ ಮಗಾ? ಶುಕ್ರವಾರ ಎಂತದೂ ಹೊರಗ್ ಕೊಡುಕಾಗ."

"ಅದ್ ಕೆಸ್ರ್ ಅಜ್ಜಿ! ನಾಳೆ ಬೆಳಿಗ್ಗೆ ಮೊದಲ್ನೇ ದೋಣಿಗ್ ಹೋಪವ ನಾನ್."

"ಕೆಸ್ರಾರೂ ನನ್ದಲ್ದಾ? ನಾಳೆ ಗುಂಡಿ ತುಂಬ್ಸಿ ಉಳ್ದದ್ ಕೊಡ್ತೆ. ಒಂದ್ ದಿನ ನಿಂತ್ಕಂಡ್ರೆ ಬೊಂಬಾಯಿ ಎಂತ ಓಡಿ ಹೋತ್ತಾ?"

ನನಗೆ ಸಿಟ್ಟು ನೆತ್ತಿಗೇರಿತು. ಎರಡು ವರ್ಷದ ದುಡಿಮೆ ಒಂದು ಶುಕ್ರವಾರಕ್ಕೆ ಬಲಿಯಾಗಬೇಕೇ? ಅಜ್ಜಿ ಊಟಕ್ಕೆ ಹೋದದ್ದೇ ತಡ, ಅಮ್ಮನ ಉಪ್ಪಿನಕಾಯಿ ಭರಣಿ ಹಿಡಿದು ಗುಂಡಿಯ ಬಳಿ ಹೋದೆ. ಒಂದು ಹಿಡಿ ತೆಗೆದಿದ್ದರೆ ಸಾಕಿತ್ತು. ಆಸೆಬುರುಕ ನಾನು, ಮಡಕೆಯ ತಳ ಕೆರೆದು ಪೂರ್ತಿ ಭರಣಿಗೆ ಬಗ್ಗಿಸಿಕೊಂಡೆ. ಸಿಕ್ಕಿಬೀಳಬಾರದಲ್ಲ? ನಮ್ಮ ಬಚ್ಚಲೊಲೆಯ ಮಸಿಯನ್ನು ದಂಡೆಯ ಮಣ್ಣಿಗೆ ಕಲಸಿ ಮಡಕೆ ತುಂಬಿಸಿಟ್ಟೆ. ಬಣ್ಣ ಎಷ್ಟು ಚೆನ್ನಾಗಿ ಹೊಂದಿತೆಂದರೆ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಮರುದಿನ ಕುಂದಾಪುರಕ್ಕೆ ದಾಟುವ ದೋಣಿಯಲ್ಲಿ ಬಿಸಿಲು ತಾಗಿ, ಭರಣಿಯೊಳಗೆ ಗಾಳಿ ತುಂಬಿ, ಬಾಯಿಗೆ ಕಟ್ಟಿದ ಬಟ್ಟೆ ಸಮೇತ ಮುಚ್ಚಳ ಹಾರಿತು. ಕೊಳೆತ ಮೊಟ್ಟೆಯ ನಾತ. ಮೀನು ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸರೆಲ್ಲ ಸೆರಗಿನಲ್ಲಿ ಮೂಗು ಮುಚ್ಚಿಕೊಂಡರು.

"ಹ್ವಾಯ್, ಯಾರ್ ಬುಟ್ಟಿ ಮೀನ್ ಕೊಳ್ತದ್ದ್?" ಎಂದು ದೋಣಿಯವನು ಕೂಗಿದ.

"ನಮ್ ಮೀನಿನ್ ಹೆಸ್ರ್ ಹಾಳ್ ಮಾಡ್ಬೇಡಿ ಮಾರಾಯ್ರೆ!" ಎಂದಳು ಒಬ್ಬಾಕೆ. "ಈ ಓದಿದ್ ಹೈದನ ಭರಣಿ ಒಳ್ಗ್ ಎಂತದೋ ಸತ್ತಿತ್ತ್!"

ಸತ್ತದ್ದಲ್ಲ, ಎಲ್ಲ ಜೀವಂತ ಇವೆ ಎಂದು ವಿವರಿಸಹೋದೆ. ಅವರು ಇನ್ನಷ್ಟು ದೂರ ಸರಿದರು.

ಬೊಂಬಾಯಿಯಲ್ಲಿ ಆ ಕೆಸರು ನನ್ನ ಮಾನ ಕಾಯಿತು. ದೀಪಾವಳಿಗೆ ಮೊದಲೇ ಸಿಪ್ಪೆ ಮೆತ್ತಗಾಗಿ, ಎಳೆದರೆ ನಾರು ಕೈಗೆ ಬಂತು. ಗೈಡ್ ಬಾಟಲಿ ಮೂಸಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ಸಂತೋಷಕ್ಕೋ ವಾಸನೆಗೋ ಗೊತ್ತಿಲ್ಲ, ಮುಂದುವರಿಸು ಎಂದರು.

ಹಬ್ಬ ಕಳೆದು ಊರಿಗೆ ಬಂದವನು ಒಂದು ಪೊಟ್ಟಣ ಪೇಡೆ ಹಿಡಿದು ಅಜ್ಜಿಯ ಮನೆಗೆ ಹೋದೆ. ಅಜ್ಜಿ ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದಳು. ಅಜ್ಜಿ ಸುಮ್ಮನೆ ಕುಳಿತದ್ದನ್ನು ನಾನು ಅದುವರೆಗೆ ನೋಡಿರಲೇ ಇಲ್ಲ. ಗುಂಡಿ ತೆರೆದರೆ ಸಿಪ್ಪೆ ಹಾಕಿದ ಹಾಗೇ ಗಟ್ಟಿ ಇತ್ತಂತೆ. ಹುಟ್ಟಿದ ಮೇಲೆ ಅವಳಿಗೆ ಹಾಗಾದದ್ದು ಅದೇ ಮೊದಲು.

"ನನ್ ಕೈ ಸತ್ತೋಯ್ತ್ ಮಗಾ" ಎಂದಳು. ಅಂಗೈ ಚಾಚಿ ನನಗೆ ತೋರಿಸಿ, ತಾನೂ ಬಗ್ಗಿ ನೋಡಿದಳು. "ಈಗಳ್ ಯಾರೂ ಕರೂದಿಲ್ಲೆ. ಮೊನ್ನೆ ಸೊಸಿ ಬಸಳಿ ನೆಡ್ತಿದ್ಲ್. ನಾನೇ ದೂರ ನಿಂತ್ಕಂಡೆ. ನಾ ಮುಟ್ರೆ ಒಣ್ಗಿ ಹೋತ್ತ್."

ಪೇಡೆಯ ಪೊಟ್ಟಣ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹೊಳೆಯ ನೀರಿನಲ್ಲೂ ಆ ಜೀವಿಗಳಿರುತ್ತವೆ, ಇನ್ನು ನಾಲ್ಕು ತಿಂಗಳು ಬಿಟ್ಟರೆ ತಾನಾಗಿ ಕೊಳೆಯುತ್ತದೆ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಆ ಕೈ ಇನ್ನೂ ಚಾಚಿಕೊಂಡೇ ಇತ್ತು.

"ಅಜ್ಜಿ, ಆ ಮಡ್ಕಿ ಕೆಸ್ರ್ ನಾ ಕದ್ದದ್. ನೀ ಗುಂಡಿಗ್ ಹಾಕಿದ್ದ್ ಬರೀ ಮಣ್ಣ್, ಮಸಿ."

ಅಜ್ಜಿ ಬಾಯಿ ತೆರೆದು ನನ್ನನ್ನೇ ನೋಡಿದಳು. ಕಸ ಗುಡಿಸುವ ಹಿಡಿಸೂಡಿ ಅವಳ ಕೈಗೆ ಎಟಕುವಷ್ಟು ಹತ್ತಿರದಲ್ಲೇ ಇತ್ತು. ನಾನು ಮೆಟ್ಟಿಲ ಕಡೆಗೆ ಒಂದು ಕಾಲು ಇಟ್ಟುಕೊಂಡೆ.

"ಮಸಿಯಾ?"

"ಹೌದ್. ನಮ್ ಬಚ್ಚಲೊಲಿದ್ದ್."

"ಹಾಂಗಾರ್ ನನ್ ಕೈಗ್ ಎಂತದೂ ಆಯ್ಲಿಲ್ಯಾ?"

"ಎಂತದೂ ಆಯ್ಲಿಲ್ಲೆ ಅಜ್ಜಿ."

ಅಜ್ಜಿ ಎದ್ದು ಬಂದು ನನ್ನ ಕೆನ್ನೆಗೆ ಒಂದು ಬಿಟ್ಟಳು. ಆ ಕೈ ಸತ್ತಿಲ್ಲವೆಂಬುದಕ್ಕೆ ನನಗೆ ಬೇರೆ ಪ್ರಯೋಗ ಬೇಕಾಗಲಿಲ್ಲ. ಮರುಗಳಿಗೆಯಲ್ಲಿ ನನ್ನ ಮಣಿಕಟ್ಟು ಹಿಡಿದು ಬೀದಿಗೆ ಎಳೆದುಕೊಂಡು ಹೋದಳು. ಅಂಗಡಿಯ ಎದುರು, ಮೀನು ಒಣಗಿಸುವ ಜಾಗದಲ್ಲಿ, ಉಳಿದವರ ಗುಂಡಿಗಳ ಬದಿಯಲ್ಲಿ, ಎಲ್ಲ ಕಡೆ ನಿಲ್ಲಿಸಿ, "ಹ್ವಾಯ್, ಇಲ್ಲ್ ಕಾಣಿ! ನನ್ ಕೆಸ್ರ್ ಕದ್ದ ಕಳ್ಳ ಸಿಕ್ಕಿದ! ಬೊಂಬಾಯಿ ಕಳ್ಳ!" ಎಂದು ಕೂಗಿದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದೆ ಎಷ್ಟೋ ಸಭೆಗಳಲ್ಲಿ ನನ್ನನ್ನು ಏನೇನೋ ಹೊಗಳಿ ಪರಿಚಯಿಸಿದ್ದಾರೆ, ಅಷ್ಟು ಸಂತೋಷದಿಂದ ಯಾರೂ ಪರಿಚಯಿಸಿಲ್ಲ.

ಸಿಪ್ಪೆ ಹೊತ್ತು ನಿಂತಿದ್ದ ಒಬ್ಬಾಕೆ ನಗು ನಿಲ್ಲಿಸಿ, "ಹಾಂಗಾರ್ ಅಜ್ಜಿ, ನಾಳೆ ನಮ್ ಗುಂಡಿ ತುಂಬ್ಸುಕಿತ್ತ್. ಮೊದಲ್ನೇ ಸಿಪ್ಪಿ ಹಾಕುಕೆ ನೀ ಬತ್ಯಾ?" ಎಂದು ಕೇಳಿದಳು.

ಅಜ್ಜಿ ನನ್ನ ಮಣಿಕಟ್ಟು ಬಿಟ್ಟು, ತನ್ನ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಬತ್ತೆ" ಎಂದಳು.