ಸ್ಲ್ಯಾಬಿನ ಪದ

ಗೋವಾದ ಕಲಂಗುಟ್‌ನ ದೊಡ್ಡ ಕಟ್ಟಡಗಳಿಗೆಲ್ಲ ಈಗ ಕಾಂಕ್ರೀಟ್ ಪಂಪಿನ ಲಾರಿ ಬರುತ್ತದೆ. ಆ ಲಾರಿ ನುಗ್ಗದ ಸಂದಿಗಳಲ್ಲಿ ಮಾತ್ರ ಇನ್ನೂ ನಮ್ಮ ಹೆಂಗಸರೇ ಬೇಕು. ಕೆಳಗಿನ ಮಿಕ್ಸರಿನಿಂದ ಮೇಲಿನ ಅಂತಸ್ತಿನವರೆಗೆ ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಒಮ್ಮೆ ಶುರುವಾದ ಸ್ಲ್ಯಾಬನ್ನು ನಡುವೆ ನಿಲ್ಲಿಸುವಂತಿಲ್ಲ. ಕೈಗಳ ಲಯ ತಪ್ಪಬಾರದೆಂದು ಪದ ಹಾಡುತ್ತಾರೆ. ಇಂಡಿ, ಸಿಂದಗಿ ಕಡೆಯಿಂದ ಬಂದವರ ಆ ಸಾಲಿನಲ್ಲಿ ಪದ ಕಟ್ಟುವವಳು ನನ್ನ ಅವ್ವ.

ಅವ್ವನಿಗೆ ಅಕ್ಷರ ಬಾರದು, ಬಾಯಿ ಮಾತ್ರ ಬಲು ಜೋರು. ಚಹಾದ ಹೊತ್ತು ಕದಿಯುವ ಮೇಸ್ತ್ರಿಯ ಮೇಲೆ ಅವನೆದುರೇ ಪದ ಕಟ್ಟಿ ಹಾಡಿದವಳು. ವರ್ಷವಿಡೀ ಬೀಗ ಹಾಕಿಕೊಂಡು ಕೂತಿರುವ ಫ್ಲ್ಯಾಟುಗಳ ಮೇಲೂ ಕಟ್ಟಿದ್ದಳು. ಎಲ್ಲರೂ ನಕ್ಕು ಮರೆಯುತ್ತಿದ್ದರು. ಮರೆಯಲಾಗದ ಪದ ಒಂದೇ.

ಸಾಲಿನಲ್ಲಿ ಅವ್ವನ ಪಕ್ಕ ನಿಲ್ಲುತ್ತಿದ್ದ ಗೆಳತಿ ಒಂದು ದಿನ ಮೂರನೇ ಅಂತಸ್ತಿನ ಸಾರವೆಯಿಂದ ಬಿದ್ದು ಸತ್ತಳು. ಹಲಗೆಗೆ ಹಗ್ಗ ಬಿಗಿದಿರಲಿಲ್ಲ. ಕಾಲು ಜಾರಿತು ಎಂದು ಬರೆಸಿ ಮುಗಿಸಿದರು. ಮರುದಿನವೇ ಉಳಿದ ಸ್ಲ್ಯಾಬ್ ಹಾಕಿಸಿದರು. ಅವಳಿಗೆ ಎರಡು ವರ್ಷದ ಮಗಳಿದ್ದಳು. ಅವ್ವ ಅಳಲಿಲ್ಲ, ಪದ ಕಟ್ಟಿದಳು:

ಎತ್ತವ್ವ ಬುಟ್ಟಿ, ಕೊಡವ್ವ ಬುಟ್ಟಿ,
ಮ್ಯಾಲಿನ ಮನಿ ಯಾರದವ್ವ?
ಹಗ್ಗ ಕಟ್ಟದ ಕೈ ಯಾರದವ್ವ,
ಜಾರಿದ ಕಾಲಿಗಿ ಬೈತಾರವ್ವ.

ನಮ್ಮ ಕಡೆ ಪದ ಕಟ್ಟಿದವರು ಕೊನೆಯ ನುಡಿಯಲ್ಲಿ ತಮ್ಮ ಹೆಸರು ಸೇರಿಸುತ್ತಾರೆ. ಅದಕ್ಕೆ ಅಂಕಿತ ಅನ್ನುತ್ತಾರೆ. ಅವ್ವ ತನ್ನ ಹೆಸರಿನ ಜಾಗದಲ್ಲಿ ಗೆಳತಿಯ ಹೆಸರು ಹಾಕಿದಳು. ಆ ನುಡಿಯನ್ನು ಹಾಡುವುದು ಕೊನೆಯ ಬುಟ್ಟಿ ಮೇಲೇರಿದಾಗ ಮಾತ್ರ. ಅದಕ್ಕೂ ಮೊದಲು ಹಾಡಿದರೆ ಸ್ಲ್ಯಾಬ್ ಬಿರಿಯುತ್ತದೆಂದು ಹೆಂಗಸರ ನಂಬಿಕೆ. ಮನೆಯಲ್ಲಂತೂ ಸ್ಲ್ಯಾಬಿನ ಪದ ಯಾರೂ ಎತ್ತುವುದಿಲ್ಲ.

ಆ ಮಗು ಅಜ್ಜಿಯ ಊರಲ್ಲಿ ಬೆಳೆದು, ಏಳು ವರ್ಷಕ್ಕೆ ಅಪ್ಪನ ಹತ್ತಿರ ಬಂದಿತು. ನಮ್ಮ ಚಾಳಿನಲ್ಲೇ ಅವರ ಖೋಲಿ. ಹೆತ್ತವ್ವ ಜ್ವರ ಬಂದು ಸತ್ತಳೆಂದು ಅಪ್ಪ ಅವಳಿಗೆ ಹೇಳಿದ್ದ. ನನ್ನವ್ವನನ್ನು ದೊಡ್ಡವ್ವ ಎನ್ನುತ್ತ ದಿನವೆಲ್ಲ ನಮ್ಮ ಮನೆಯಲ್ಲೇ ಇರುತ್ತಿದ್ದಳು. ನಿಜ ಯಾವಾಗ ಹೇಳುತ್ತೀ ಎಂದು ಒಮ್ಮೆ ಅವ್ವನನ್ನು ಕೇಳಿದೆ.

"ದೊಡ್ಡಾಕಿ ಆಗ್ಲಿ. ಸ್ಲ್ಯಾಬಿನ ಸಾಲಿಗೆ ಕರಕೊಂಡು ಹೋಗಿ ಪದಾ ಕೇಳಿಸ್ತೀನಿ," ಅಂದಳು ಅವ್ವ. "ನಿಮ್ಮವ್ವ ಹಿಂಗ ಸತ್ತಳು ಅಂತ ಬರೇ ಬಾಯಿಲೆ ಹೇಳಾಕ ನನ್ನ ಕಡಿಂದ ಆಗೂದಿಲ್ಲ. ಪದದಾಗ ಆದ್ರ ಹೇಳ್ತೀನಿ."

ಅದನ್ನು ಹಾಳು ಮಾಡಿದವಳು ನಾನು. ಬೇರೆ ಯಾರನ್ನು ಬೈದರೂ ಮೊದಲು ನನ್ನನ್ನೇ ಬೈದುಕೊಳ್ಳಬೇಕು.

ನಾನು ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುತ್ತೇನೆ. ಕನ್ನಡ ಸಿನಿಮಾಗಳಿಗೆ ಹಾಡು ಮಾಡುವ ಒಬ್ಬರು ಬಂದು ತಂಗಿದ್ದರು. ದುಡಿಯುವ ಜನರ ಹಾಡು ಹುಡುಕುತ್ತಿದ್ದೇನೆ, ಸಮಾಜಕ್ಕೆ ಏನಾದರೂ ಹೇಳುವ ಹಾಡು ಬೇಕು ಎಂದರು. ಕನ್ನಡ ಕೇಳಿದ ಖುಷಿಗೆ ನಾನು ಉಬ್ಬಿಹೋದೆ. ನಮ್ಮವ್ವನೇ ಕಟ್ಟುತ್ತಾಳೆ ಸರ್ ಎಂದು ರಜೆಯ ದಿನ ಅವರನ್ನು ಸ್ಲ್ಯಾಬಿನ ಹತ್ತಿರ ಕರೆದುಕೊಂಡು ಹೋದೆ.

ಅವರು ಮೊಬೈಲು ಹಿಡಿದು ನಿಂತರು. ಸಾಲು ಹಾಡಿತು. ಅವರ ಕಣ್ಣಲ್ಲಿ ನೀರೂ ಬಂತು, ಸುಳ್ಳು ಹೇಳಲಾರೆ.

"ಪೂರ್ತಿ ಹಾಡಿ ಅಮ್ಮಾ," ಎಂದರು.

ಅವ್ವ ಬುಟ್ಟಿ ದಾಟಿಸುತ್ತಲೇ ಹೇಳಿದಳು, "ಇನ್ನೂ ಅರ್ಧಾ ಸ್ಲ್ಯಾಬ್ ಐತ್ರಿ. ಕಡೀ ನುಡಿ ಕಡೀ ಬುಟ್ಟಿಗೇ. ಸಂಜಿಮುಂದ ಬರ್ರಿ, ಹೇಳ್ತೀವಿ."

ಸಂಜೆ ಅವರಿಗೆ ಬೀಚಿಗೆ ಹೋಗಬೇಕಿತ್ತು. ಇಷ್ಟು ಸಾಕು ಎಂದು ಹೊರಟರು.

ಕೆಲವು ತಿಂಗಳಾದ ಮೇಲೆ ಬೀಚಿನ ಒಂದು ಶ್ಯಾಕ್ ಹೋಟೆಲಿನಲ್ಲಿ ಆ ಧಾಟಿ ಕೇಳಿ ನಿಂತುಬಿಟ್ಟೆ. ಎತ್ತೇ ಗ್ಲಾಸು, ಕೊಡೇ ಗ್ಲಾಸು, ಮೇಲಿನ ರೂಮು ಯಾರದೇ. ಹಗ್ಗದ ಸಾಲಿನ ಜಾಗದಲ್ಲಿ ನಾಯಕಿಯ ಸೊಂಟ ಬಂದಿತ್ತು, ಜಾರುವ ಕಾಲಿನ ಜಾಗದಲ್ಲಿ ಜಾರುವ ಸೆರಗು. ಮೊಬೈಲಿನಲ್ಲಿ ಹುಡುಕಿದರೆ ಸಾಹಿತ್ಯ, ಸಂಗೀತ ಎರಡರ ಮುಂದೆಯೂ ಅವರದೇ ಹೆಸರು. ಮೈಯೆಲ್ಲ ಉರಿದು ಅಲ್ಲಿಂದಲೇ ಫೋನು ಹಚ್ಚಿದೆ.

ಅವರು ಸಿಟ್ಟಾಗಲಿಲ್ಲ, ಪಾಠ ಹೇಳುವ ಮೇಷ್ಟರ ಹಾಗೆ ಮಾತಾಡಿದರು. "ಅದು ಜಾನಪದ ಕಣಮ್ಮ, ಎಲ್ಲರದೂ. ಒಬ್ಬರೇ ಕಟ್ಟಿದ್ದಾದರೆ ಅಂಕಿತ ಇರಬೇಕಿತ್ತಲ್ಲ? ನನ್ನ ರೆಕಾರ್ಡಿಂಗ್ ಕಳಿಸಲಾ? ಎಲ್ಲಿದೆ ತೋರಿಸಿ."

ಸಂಜೆಯವರೆಗೆ ಕಾಯದೆ ಎದ್ದು ಹೋದ ಮನುಷ್ಯ ನನಗೆ ಅಂಕಿತ ಕೇಳುತ್ತಿದ್ದ! ಎಲ್ಲರದೂ ಎನ್ನುವವನು ತನ್ನ ಹೆಸರನ್ನೇಕೆ ಹಾಕಿಕೊಂಡ ಎಂಬುದು ನನಗೆ ಹೊಳೆದದ್ದು ಫೋನು ಇಟ್ಟ ಮೇಲೆ. ಮತ್ತೆ ಹಚ್ಚಿದರೆ ಎತ್ತಲಿಲ್ಲ, ಇವತ್ತಿಗೂ ಎತ್ತಿಲ್ಲ.

ಅವ್ವ ನನ್ನ ಮೊಬೈಲಿನಲ್ಲಿ ಎರಡು ಸಲ ಕೇಳಿದಳು.

"ನಂದಾದ್ರ ಹೋಗ್ಲಿ, ಇನ್ನೊಂದು ಕಟ್ತಿದ್ದೆ," ಅಂದಳು. "ಇದು ಆಕೀದ."

ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾಲ್ಕು ದಿನ ಅತ್ತು ಹಗುರಾಗುತ್ತಿದ್ದೆನೇನೋ. ಸಾಲಿಗೆ ಹೊಸದಾಗಿ ಬಂದ ಹುಡುಗಿಯರು ಗ್ಲಾಸಿನ ಹಾಡನ್ನೇ ಹಾಡುತ್ತ ಬುಟ್ಟಿ ದಾಟಿಸತೊಡಗಿದರು. ಅವ್ವ ತಡೆಯಲಿಲ್ಲ, ಹಾಡಲೂ ಇಲ್ಲ. ತುಟಿ ಬಿಗಿದುಕೊಂಡು ಬುಟ್ಟಿ ದಾಟಿಸುವ ಅವ್ವನನ್ನು ನಾನು ಮೊದಲ ಸಲ ನೋಡಿದೆ.

ಆ ನವೆಂಬರಿನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ ಬಾಡಿಗೆಯ ಹಾಲಿನಲ್ಲಿ ರಾಜ್ಯೋತ್ಸವ ಮಾಡಿದರು. ಚಾಳಿನ ಮಕ್ಕಳ ಡ್ಯಾನ್ಸ್ ಇತ್ತು. ಯಾವ ಹಾಡು ಎಂದು ನಾನು ಕೇಳಿರಲಿಲ್ಲ. ಪರದೆ ಸರಿದಾಗ ನಡುವೆ ನಿಂತಿದ್ದವಳು ಅವ್ವನ ಗೆಳತಿಯ ಮಗಳು. ಹನ್ನೊಂದು ತುಂಬಿತ್ತು, ತುಟಿಗೆ ಬಣ್ಣ, ಕೈಯಲ್ಲಿ ಪ್ಲಾಸ್ಟಿಕ್ ಗ್ಲಾಸು. ಹಾಡು ಶುರುವಾದದ್ದೇ ತಡ ಜನ ಸಿಳ್ಳೆ ಹೊಡೆದರು. ಅವಳ ಅಪ್ಪನೂ ಮುಂದಿನ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ. ಅವನಿಗೆ ಪದ ಗೊತ್ತಿರಲಿಲ್ಲ, ಗಂಡಸರು ಸಾಲಿನಲ್ಲಿ ನಿಲ್ಲುವುದಿಲ್ಲ.

ನಾನು ಎದ್ದೆ. ನಿಲ್ಲಿಸಬೇಕು ಎಂದಷ್ಟೇ ತಲೆಯಲ್ಲಿತ್ತು. ಅವ್ವ ನನ್ನ ಕೈ ಹಿಡಿದು ಜಗ್ಗಿ ಕೂರಿಸಿದಳು.

"ಸುಮ್ಮನ ಕುಂಡ್ರು. ಕೂಸು ಎಷ್ಟ ಖುಷೀಲೆ ಕುಣ್ಯಾಕತ್ತೈತಿ ನೋಡು."

ಡ್ಯಾನ್ಸ್ ಮುಗಿದ ಮೇಲೆ ಹುಡುಗಿ ಏದುಸಿರು ಬಿಡುತ್ತ ನೇರ ಅವ್ವನ ಹತ್ತಿರ ಓಡಿ ಬಂದಳು.

"ದೊಡ್ಡವ್ವಾ, ಚಲೋ ಐತಿಲ್ಲ ಹಾಡು? ನಿನಗ ಬರತೈತೇನು?"

ಅವ್ವ ಸೆರಗಿನಿಂದ ಅವಳ ಹಣೆಯ ಬೆವರು ಒರೆಸಿದಳು.

"ಇಲ್ಲವ್ವ," ಅಂದಳು. "ನನಗ ಬರೂದಿಲ್ಲ."