ದೊಡ್ಡ ಅಕ್ಷರದ ಪ್ರೂಫು

ಹೋದ ವಾರ ಹುಮನಾಬಾದಿನ ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಮಾಡಿಸಲು ನಿಂತಿದ್ದೆ. ಅಂಗಡಿಯವನು ಬಿಸಿ ಹಾಳೆಯನ್ನು ಕೈಗಿತ್ತ. ಸುಟ್ಟ ಮಸಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಲ್ಲರೆ ಇಸಿದುಕೊಳ್ಳುವುದನ್ನೂ ಮರೆತು ನಿಂತೆ. ಬೇರೆಯವರಿಗೆ ಹಳೆಯದನ್ನು ನೆನಪಿಸಲು ಮಲ್ಲಿಗೆಯೋ ಕೇದಿಗೆಯೋ ಇರುತ್ತದೆ. ನನ್ನ ಹಣೆಬರಹಕ್ಕೆ ಲೇಸರ್ ಪ್ರಿಂಟರಿನ ಟೋನರ್ ಪುಡಿ. ನಗಬೇಡಿ. ಆ ವಾಸನೆ ಬಂದಾಗೆಲ್ಲ ಮೈನುದ್ದೀನ ಚಾಚಾ ನೆನಪಾಗುತ್ತಾರೆ, ನೆನಪಾದರೆ ಆ ದಿನ ಯಾವ ಕೆಲಸಕ್ಕೂ ಮನಸ್ಸು ಹತ್ತುವುದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿ ಬರುತ್ತಿದ್ದೆ. ಅಲ್ಲಿ ಒಬ್ಬ ಸಾಹುಕಾರರು ತಮ್ಮ ಹಳೆಯ ಪ್ರೆಸ್ಸು ಮುಚ್ಚಿ, ಅದೇ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು ತಂದಿಟ್ಟಿದ್ದರು. ಟೈಪು ಮಾಡುವವಳು ನಾನು. ಸೀಸದ ಅಚ್ಚುಮೊಳೆಗಳೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಅವನ್ನು ಜೋಡಿಸುತ್ತಿದ್ದ ಮೈನುದ್ದೀನ ಚಾಚಾ ಮಾತ್ರ ಉಳಿದುಕೊಂಡರು, ಪ್ರೂಫು ನೋಡಲಿಕ್ಕೆ. ಅವರ ಮನೆಯೂ ಬಸವಕಲ್ಯಾಣದಲ್ಲೇ. ಕಿಟಕಿಯಿಂದ ದಸ್ತಿ ಎಸೆದು ಇಬ್ಬರಿಗೂ ಸೀಟು ಹಿಡಿಯುವುದು ನನ್ನ ಕೆಲಸ, ದಾರಿಯುದ್ದಕ್ಕೂ ನನ್ನ ಮದುವೆಯ ಚಿಂತೆ ಮಾಡುವುದು ಅವರ ಕೆಲಸ.

ಈಗಿನವರಿಗೆ ಅಕ್ಷರವೆಂದರೆ ಬೆರಳು ತಾಕಿಸಿದರೆ ಬರುವ ವಸ್ತು. ಆಗ ಹಾಗಿರಲಿಲ್ಲ, ಕೇಳಿ. ನಮ್ಮ ಪ್ರಿಂಟರು ಹುಟ್ಟಿನಿಂದ ಇಂಗ್ಲಿಷ್ ಮಾತ್ರ ಬಲ್ಲದು. ಕನ್ನಡದ ಫಾಂಟು ಫ್ಲಾಪಿಗಳಲ್ಲಿ ಬರುತ್ತಿತ್ತು. ಅದನ್ನು ಮೊದಲು ಕಂಪ್ಯೂಟರಿಗೆ ಹಾಕಿ, ಅಲ್ಲಿಂದ ಪ್ರಿಂಟರಿನ ಮೆಮೊರಿಗೆ ಇಳಿಸಬೇಕು. ಒಂದೊಂದು ಸೈಜಿಗೆ ಒಂದೊಂದು ಬೇರೆ ಫಾಂಟು. ಇಳಿಸುವಾಗ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು: ಟೆಂಪರರಿಯೋ, ಪರ್ಮನೆಂಟೋ? ಮೊದಲ ಸಲ ಮಹಾ ಜಾಣೆಯಂತೆ ಪರ್ಮನೆಂಟ್ ಒತ್ತಿ ಕೈ ಝಾಡಿಸಿಕೊಂಡು ಎದ್ದೆ. ಪರ್ಮನೆಂಟ್ ಅಂದರೆ ಪ್ರಿಂಟರು ಆರುವ ತನಕ ಅಂತ ಆಮೇಲೆ ತಿಳಿಯಿತು. ನಮ್ಮ ಕಡೆಯ ಕರೆಂಟಿನ ಸುದ್ದಿ ನಿಮಗೆ ಹೇಳಬೇಕೆ? ಬಂತು ಅನ್ನುವಷ್ಟರಲ್ಲಿ ಹೋಗುತ್ತಿತ್ತು, ಜೊತೆಗೆ ಪ್ರಿಂಟರಿನೊಳಗಿನ ಕನ್ನಡವೂ ಹೋಗುತ್ತಿತ್ತು. ಮತ್ತೆ ಮೊದಲಿನಿಂದ ಇಳಿಸು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ನನ್ನ ದಿನಗಳು ಕಳೆದವು.

ಒಂದು ದಿನ ಚಾಚಾ ಪ್ರೂಫನ್ನು ಹತ್ತಿರ ಹಿಡಿದು, ದೂರ ಹಿಡಿದು, ಬಾಗಿಲ ಬಿಸಿಲಿಗೆ ಹೋಗಿ ನಿಂತು ನೋಡಿದರು. ಆಮೇಲೆ ನನ್ನ ಬಳಿ ಬಂದು ಸಣ್ಣ ದನಿಯಲ್ಲಿ ಕೇಳಿದರು.

“ಬೇಟಿ, ಪ್ರೂಫ್ ತೆಗಿಯೂಮುಂದ ಅಕ್ಷರ ಒಂದೀಟು ದೊಡ್ಡವು ಮಾಡ್ತೀಯೇನು? ಸಾವ್ಕಾರ್ರಿಗಿ ಗೊತ್ತಾಗೂದು ಬ್ಯಾಡ.”

ಗೊತ್ತಾಗುವುದು ಬೇಡ ಎಂದದ್ದಕ್ಕೆ ಕಾರಣವಿತ್ತು. ಪ್ರೂಫು ನೋಡುವುದು ತಪ್ಪಿದರೆ ಆ ಅಂಗಡಿಯಲ್ಲಿ ಅವರಿಗೆ ಬೇರೆ ಕೆಲಸವಿರಲಿಲ್ಲ. ಕೆಲಸಕ್ಕಿಂತ ಹೆಚ್ಚಾಗಿ, ಓದುವುದೇ ಅವರ ಜೀವವಾಗಿತ್ತು. ಬಸ್ಸಿನ ಕಿಟಕಿಯಿಂದ ಕಾಣುವ ಗೋಡೆಬರಹವನ್ನೂ ತಿದ್ದುತ್ತ ಬರುವ ಮನುಷ್ಯ. ಅಕ್ಷರ ಬಿಟ್ಟು ಮನೆಯಲ್ಲಿ ಕುಳಿತರೆ ನಾಲ್ಕು ದಿನ ಬದುಕಲಾರೆ ಎಂದು ನನ್ನೆದುರು ಎಷ್ಟೋ ಸಲ ಅಂದಿದ್ದರು. ಇದೆಷ್ಟರ ಮಾತು ಚಾಚಾ, ನಾನಿದ್ದೀನಲ್ಲ, ಎಂದುಬಿಟ್ಟೆ.

ಮಾಮೂಲಿ ಹನ್ನೆರಡರ ಬದಲು ಪ್ರೂಫಿಗೆ ಹದಿನಾಲ್ಕರ ಸೈಜು ಇಳಿಸಿದೆ. ಕೆಲವು ತಿಂಗಳು ನಡೆಯಿತು. ಮತ್ತೆ ಅವರು ಹಾಳೆಯನ್ನು ಹತ್ತಿರ-ದೂರ ಹಿಡಿಯತೊಡಗಿದ್ದು ಕಂಡು, ಈ ಸಲ ಅವರು ಕೇಳುವ ಮೊದಲೇ ಹದಿನೆಂಟು ಇಳಿಸಿದೆ. ಆಮೇಲೆ ಇಪ್ಪತ್ನಾಲ್ಕು. ಅಕ್ಷರ ದೊಡ್ಡದಾದಂತೆ ಪ್ರಿಂಟರಿನ ಹೊಟ್ಟೆ ಸಾಲದಾಯಿತು. ಅರ್ಧ ಹಾಳೆ ಅಚ್ಚಾಗಿ ನಿಲ್ಲುವುದು, ಅದರ ಪುಟ್ಟ ಕಿಟಕಿಯಲ್ಲಿ ‘೨೦ ಎರರ್’ ಎಂದು ಬರುವುದು. ಮೆಮೊರಿ ತುಂಬಿತು ಎಂದು ಅದರ ಅರ್ಥ. ಬುತ್ತಿ ಬಿಚ್ಚದೆ ಅದರ ಮುಂದೆ ಕೂತಿರುತ್ತಿದ್ದೆ. ಹೈದರಾಬಾದಿನಿಂದ ಹೆಚ್ಚಿನ ಮೆಮೊರಿ ತರಿಸಿ, ಪೋಸ್ಟರಿನ ಕೆಲಸವೂ ಹಿಡಿಯಬಹುದು ಎಂದು ಸಾಹುಕಾರರಿಗೆ ಸುಳ್ಳು ಹೇಳಿ ಬೆನ್ನು ಬಿದ್ದೆ. ಅಂತೂ ಬಂತು. ಮೂವತ್ತಾರರ ಕನ್ನಡ ಇಳಿಯಿತು. ಒಂದು ಲಗ್ನಪತ್ರಿಕೆಯ ಪ್ರೂಫು ಹಾಳೆಗಟ್ಟಲೆ ಆಯಿತು. ಅವನ್ನೆಲ್ಲ ಚಾಚಾನ ಮುಂದೆ ಹರವಿ, ಕಾಣಿಸುತ್ತದೆಯೇ ಎಂದು ಕೇಳಿದೆ. ಅವರು ಕತ್ತನ್ನು ನಿಧಾನಕ್ಕೆ ಅತ್ತಿಂದಿತ್ತ ತಿರುಗಿಸುತ್ತ ನೋಡಿ, ವಾಹ್ ಬೇಟಿ, ಭಾಳ ಛಲೋ ಕಾಣಸ್ತಾವ, ಎಂದರು. ಆ ದಿನ ಬಸ್ಸಿನಲ್ಲಿ ನಾನು ಬೀಗಿದ್ದೇ ಬೀಗಿದ್ದು.

ಮುಂದೆ ಹುಲಸೂರಿನ ಒಂದು ಮನೆಯ ಲಗ್ನಪತ್ರಿಕೆ ಬಂತು. ಟೈಪು ಮಾಡುವಾಗ ಒಂದು ಸಾಲು ಬಿಟ್ಟುಹೋಗಿತ್ತು. ಬಿಟ್ಟುಹೋಗುವುದು ಇದ್ದದ್ದೇ, ಅದನ್ನು ಹಿಡಿಯಲೆಂದೇ ಪ್ರೂಫು. ಚಾಚಾ ಹಿಡಿಯಲಿಲ್ಲ. ಬಿಟ್ಟದ್ದು ಎಂಥ ಸಾಲು ಅಂತೀರಿ? ಸೋದರಮಾವನ ಹೆಸರಿದ್ದ ಸಾಲು. ನಮ್ಮ ಕಡೆ ಪತ್ರಿಕೆಯಲ್ಲಿ ಮದುಮಗಳ ಹೆಸರು ತಪ್ಪಿದರೂ ನಕ್ಕು ಸುಮ್ಮನಾದಾರು, ಸೋದರಮಾವನ ಹೆಸರು ಬಿಟ್ಟರೆ ಮುಗಿಯಿತು. ಪತ್ರಿಕೆ ಊರೂರಿಗೆ ಹಂಚಿಯಾಗಿತ್ತು. ಮಾವ ಲಗ್ನಕ್ಕೆ ಕಾಲಿಡಲಿಲ್ಲ. ಹುಡುಗಿಯ ತಾಯಿ ಅಂಗಡಿಗೆ ಬಂದು ಬೈಯಲಿಲ್ಲ, ಕೌಂಟರಿನ ಮೇಲೆ ಪತ್ರಿಕೆ ಇಟ್ಟು ಸುಮ್ಮನೆ ಅತ್ತಳು. ಚಾಚಾ ತಲೆ ತಗ್ಗಿಸಿ ನಿಂತಿದ್ದರು. ಅವಳು ಹೋದ ಮೇಲೆ ಸಾಹುಕಾರರು ಕೂಗಾಡಲಿಲ್ಲ. ಮೊದಲು ಕಣ್ಣು ತೋರಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದರು.

ಮೋತಿಬಿಂದು ಇರಬೇಕು, ಪೊರೆ ತೆಗೆದರೆ ಸರಿಹೋಗುತ್ತದೆ ಎಂದುಕೊಂಡು ಚಾಚಾನನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಏನು ಓದುತ್ತಾರೆ ಎಂದು ನನ್ನನ್ನು ಕೇಳಿದಾಗ, ಚೀಲದಿಂದ ಮೂವತ್ತಾರರ ಹಾಳೆ ತೆಗೆದು ಹೆಮ್ಮೆಯಿಂದ ತೋರಿಸಿದೆ. ಡಾಕ್ಟರು ಅದನ್ನು ನೋಡಿ, ನನ್ನ ಕೈಯನ್ನು ಮುಷ್ಟಿ ಮಾಡಿಸಿ, ಅದರ ಸಣ್ಣ ಸಂದಿನಿಂದ ನನ್ನದೇ ಹಾಳೆಯನ್ನು ನೋಡಲು ಹೇಳಿದರು. ಒಂದು ಅಕ್ಷರದ ಕೊಂಬು ಕಂಡಿತು, ಮತ್ತೇನೂ ಇಲ್ಲ. ಇವರಿಗಿರುವುದು ಕಾಚಬಿಂದು, ಅಂದರೆ ಗ್ಲಾಕೋಮಾ, ಎಂದರು ಮರಾಠಿಯಲ್ಲಿ. ನೋಟ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿದೆ, ನಡುವೆ ಒಂದು ತೂತು ಉಳಿದಿದೆ. ಅಕ್ಷರ ದೊಡ್ಡದು ಮಾಡಿದಷ್ಟೂ ಆ ತೂತಿನಲ್ಲಿ ಹಿಡಿಸುವುದಿಲ್ಲ, ಸಣ್ಣ ಅಕ್ಷರವೇ ಇವರಿಗೆ ಸರಿ. ಹೋದ ನೋಟ ಮರಳಿ ಬರುವುದಿಲ್ಲ, ಇರುವುದು ಎಷ್ಟು ದಿನವೋ ಹೇಳಲಾಗದು.

ಸೊಲ್ಲಾಪುರದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕುಳಿತಾಗ ಕೇಳಿಯೇಬಿಟ್ಟೆ.

“ಚಾಚಾ, ದೊಡ್ಡವು ಕಾಣಸೂದಿಲ್ಲಂತ ನಿಮಗ ಗೊತ್ತಿತ್ತೇನ್ರಿ?”

ಅವರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

“ಗೊತ್ತಿತ್ತು ಬೇಟಿ. ಹದಿನಾಲ್ಕರವೇ ಛಲೋ ಕಾಣಸ್ತಿದ್ವು.”

“ಮತ್ತ ಯಾಕ ಹೇಳಲಿಲ್ರಿ?”

“ನೀ ಊಟ ಬಿಟ್ಟು ಆ ಮಶೀನ್ ಮುಂದ ಕುಂತಿರ್ತಿದ್ದಿ. ನನ್ನ ಸಲುವಾಗಿ. ನಾ ಬ್ಯಾಡಂತ ಹ್ಯಾಂಗ ಅನ್ಲಿ?”

ಲಿಹಾಜ್ ಎನ್ನುತ್ತಾರೆ ನಮ್ಮ ಕಡೆ ಇದಕ್ಕೆ. ಎದುರಿನವರ ಮನಸ್ಸು ನೋಯಬಾರದೆಂದು ನಮ್ಮ ಮಾತನ್ನು ನುಂಗಿಕೊಳ್ಳುವುದು. ದೊಡ್ಡ ಗುಣವೆಂದು ಮಕ್ಕಳಿಗೆ ಕಲಿಸುತ್ತೇವೆ. ಬೆಂಕಿ ಬೀಳಲಿ ಆ ಗುಣಕ್ಕೆ ಎಂದು ಅಂದು ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಶಪಿಸಿದೆ. ಅವರ ಕಣ್ಣು ಸಾಯುತ್ತಿದ್ದ ತಿಂಗಳುಗಳನ್ನೆಲ್ಲ ನನ್ನ ಖುಷಿಗೆ ಕೊಟ್ಟು ಕೂತಿದ್ದರಲ್ಲ!

ಮರುದಿನ ಹದಿನಾಲ್ಕರಲ್ಲಿ ಒಂದು ಹಾಳೆ ತೆಗೆದು ಸಂಜೆ ಅವರ ಮನೆಗೆ ಒಯ್ದೆ. ಬೆರಳನ್ನು ಸಾಲಿನ ಕೆಳಗಿಟ್ಟು, ಬಾವಿಗೆ ಇಣುಕುವವರ ಹಾಗೆ ಬಗ್ಗಿ, ಹಾಳೆಯನ್ನೆಲ್ಲ ಓದಿದರು. ಬೆಳಗಾಗುತ್ತಲೇ ಅಂಗಡಿಗೆ ಓಡಿ, ಚಾಚಾ ಸಣ್ಣ ಅಕ್ಷರ ಓದಬಲ್ಲರೆಂದು ಸಾಹುಕಾರರಿಗೆ ಹೇಳಿದೆ. ಚಾಚಾನ ಕುರ್ಚಿಯಲ್ಲಿ ಆಗಲೇ ಹೊಸಬರೊಬ್ಬರು ಕುಳಿತಿದ್ದರು. ಖರೇ ತಂಗಿ, ಆದರೆ ಎಷ್ಟು ದಿನಕ್ಕ, ಎಂದರು ಸಾಹುಕಾರರು.

ಆಮೇಲೂ ಕೆಟ್ಟ ಪ್ರೂಫುಗಳನ್ನು ಅವರ ಮನೆಗೆ ಒಯ್ಯುತ್ತಿದ್ದೆ. ಯಾರದೋ ಗೃಹಪ್ರವೇಶ, ಯಾರದೋ ಮಗುವಿನ ಜವಳ, ಎಲ್ಲ ಓದಿ ಪೆನ್ಸಿಲಿನಲ್ಲಿ ತಿದ್ದಿ ಕೊಡುತ್ತಿದ್ದರು. ಆ ತಿದ್ದುಪಡಿ ಯಾರಿಗೂ ಬೇಕಾಗಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಒಂದು ದಿನ ಹಾಳೆಯನ್ನು ಬಹಳ ಹೊತ್ತು ಹಿಡಿದಿದ್ದು, ನಾಲ್ಕಾಗಿ ಮಡಿಚಿ, ನನ್ನ ಕೈ ಎಲ್ಲಿದೆ ಎಂದು ತಡವಿ ಹುಡುಕಿ ಅದರಲ್ಲಿಟ್ಟರು. “ಇನ್ನ ಬ್ಯಾಡ, ಬೇಟಿ,” ಎಂದರು. ನನಗೆ ಅವರು ಬೇಡವೆಂದದ್ದು ಅದೊಂದೇ ಸಲ.

ಎರಡು ಸಾವಿರದ ಇಸವಿ ದಾಟಿದ ಮೇಲೂ ಕೆಲವು ವರ್ಷ ಇದ್ದರು, ಕತ್ತಲಲ್ಲೇ. ಅಷ್ಟರೊಳಗೆ ಯಾವ ಸೈಜನ್ನಾದರೂ ಕಣ್ಣು ಮಿಟುಕಿಸುವುದರಲ್ಲಿ ಅಚ್ಚುಮಾಡುವ ಪ್ರಿಂಟರುಗಳು ಬಂದವು. ಬಂದು ಯಾರಿಗೆ ಏನಾಗಬೇಕಿತ್ತು?

ಈಗ ಮನೆಯಲ್ಲಿ ನನಗೆ ಒಂದು ಕೆಟ್ಟ ಚಾಳಿ ಅಂಟಿದೆ, ಮಕ್ಕಳು ಬೈಯುತ್ತಾರೆ. ಅಡುಗೆ ಹೇಗಾಗಿದೆ ಎಂದು ಕೇಳುತ್ತೇನೆ. ಛಲೋ ಆಗ್ಯಾದ ಎನ್ನುತ್ತಾರೆ. ನಾನು ಅವರ ಮುಖ ನೋಡುವುದಿಲ್ಲ. ಅವರು ಕೈತೊಳೆಯಲು ಎದ್ದ ಮೇಲೆ, ತಾಟಿನಲ್ಲಿ ಎಷ್ಟು ಬಿಟ್ಟಿದ್ದಾರೆ ಎಂದು ನೋಡುತ್ತೇನೆ.